ಹಳ್ಳಿ ವಿಳಾಸಕ್ಕೆ ಯಾವ ಪಿನ್ ಬರೆಯಬೇಕು? ತಾಲ್ಲೂಕಿನದಾ, ಹತ್ತಿರದ ಅಂಚೆ ಕಚೇರಿಯದಾ?

ಘಟ್ಟದಂಚು

ಎಲ್ಲರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆ ಕಡೆಗೆ. ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ನಾನು ಬೆಂಗಳೂರಿನಲ್ಲಿ. ಅಪ್ಪನ ಬ್ಯಾಂಕ್ ಕಾರ್ಡ್ ಮತ್ತೆ ವಾಪಸ್ ಹೋಗಿದೆ. ಬ್ಯಾಂಕಿನವರು "ವಿಳಾಸ ಸರಿ ಇಲ್ಲ" ಅನ್ನುತ್ತಾರೆ.

ಆಧಾರ್‌ನಲ್ಲಿ 577432 ಇದೆ, ಅದು ತೀರ್ಥಹಳ್ಳಿಯದು. ಗ್ಯಾಸ್ ಪುಸ್ತಕದಲ್ಲಿ 577411 ಇದೆ, ಅದು ಆಗುಂಬೆಯದು. ಊರಲ್ಲಿ ಕೇಳಿದರೆ ಅರ್ಧ ಜನ ಅದನ್ನು ಬರೆಯುತ್ತಾರೆ, ಇನ್ನರ್ಧ ಜನ ಇದನ್ನು. ಎರಡಕ್ಕೂ ಪತ್ರ ಬರುತ್ತದೆ ಅಂತಲೇ ಎಲ್ಲರೂ ಹೇಳುತ್ತಾರೆ. ಹಾಗಿದ್ದರೆ ಕಾರ್ಡ್ ಮಾತ್ರ ಯಾಕೆ ಬರಲಿಲ್ಲ? ಸರಿಯಾದದ್ದು ಯಾವುದು, ಅದನ್ನು ಗೊತ್ತು ಮಾಡಿಕೊಳ್ಳುವುದು ಹೇಗೆ? ತಿಳಿದವರು ದಯವಿಟ್ಟು ಹೇಳಿ.

ಸಾರ್ಟಿಂಗ್ ಮೇಜು

ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು ನಾನು. ನೇರ ಉತ್ತರ ಮೊದಲು ಹೇಳುತ್ತೇನೆ. ತಾಲ್ಲೂಕಿಗೆ ಪಿನ್ ಇಲ್ಲ. ಊರಿಗೂ ಇಲ್ಲ. ಪಿನ್ ಇರುವುದು ಅಂಚೆ ಕಚೇರಿಗೆ. ನಿಮ್ಮ ಮನೆಗೆ ಟಪಾಲು ಯಾವ ಕಚೇರಿಯ ಬ್ಯಾಗಿನಲ್ಲಿ ಹೊರಟು ಬರುತ್ತದೋ, ಆ ಕಚೇರಿಯ ನಂಬರೇ ನಿಮ್ಮದು. ಹೆಸರಲ್ಲೇ ಇದೆ ನೋಡಿ, ಪೋಸ್ಟಲ್ ಇಂಡೆಕ್ಸ್ ನಂಬರ್.

ಅಂಚೆ ಕಚೇರಿಗಳಲ್ಲಿ ಮೂರು ಮೆಟ್ಟಿಲು. ಪ್ರಧಾನ ಕಚೇರಿ, ಅದರ ಕೆಳಗೆ ಉಪ ಕಚೇರಿ, ಅದರ ಕೆಳಗೆ ಶಾಖಾ ಕಚೇರಿ. ನಾವು ಎಚ್‌ಓ, ಎಸ್‌ಓ, ಬಿಓ ಅನ್ನುತ್ತೇವೆ. ಹಳ್ಳಿಗಳಲ್ಲಿ ಇರುವುದೆಲ್ಲ ಬಹುಪಾಲು ಬಿಓ. ಯಾರದೋ ಮನೆಯ ಜಗುಲಿಯಲ್ಲೋ, ಪಂಚಾಯಿತಿ ಕಟ್ಟಡದ ಒಂದು ಕೋಣೆಯಲ್ಲೋ ನಡೆಯುತ್ತದಲ್ಲ, ಅದು. ಈ ಬಿಓಗಳಿಗೆ ಸಾಮಾನ್ಯವಾಗಿ ಸ್ವಂತ ಪಿನ್ ಇರುವುದಿಲ್ಲ. ತಮ್ಮ ಮೇಲಿನ ಎಸ್‌ಓ ಪಿನ್ನನ್ನೇ ಬಳಸುತ್ತವೆ. ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಅಂಚೆ ಕಚೇರಿಗಳಿವೆ, ಪಿನ್ ಇರುವುದು 19 ಸಾವಿರದ ಆಸುಪಾಸು. ಅಂದರೆ ಒಂದೊಂದು ಪಿನ್ ಕೆಳಗೆ ಎಷ್ಟು ಬಿಓ, ಎಷ್ಟು ಹಳ್ಳಿ ಇರಬಹುದು ಲೆಕ್ಕ ಹಾಕಿ.

ಹಾಗಾಗಿ ನಿಮ್ಮೂರಿನ ಬಿಓ ಆಗುಂಬೆ ಎಸ್‌ಓ ಕೆಳಗಿದ್ದರೆ 577411. ತೀರ್ಥಹಳ್ಳಿ ಕೆಳಗಿದ್ದರೆ 577432. ತಾಲ್ಲೂಕು ಯಾವುದು ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಇನ್ನು ಪತ್ರ ಬರುತ್ತದೆ, ಕಾರ್ಡ್ ಬರಲಿಲ್ಲ ಅಂದಿರಿ. ಸಾದಾ ಪತ್ರ ತಪ್ಪು ಪಿನ್ ಇದ್ದರೂ ಬರುವುದಕ್ಕೆ ಕಾರಣ ಕೈಯಲ್ಲಿ ಸಾರ್ಟ್ ಮಾಡುವವರು. ಊರಿನ ಹೆಸರು ಕಂಡ ತಕ್ಷಣ ಇದು ಆಗುಂಬೆ ಬ್ಯಾಗಿಗೆ ಅಂತ ಅವರಿಗೆ ಗೊತ್ತು. ಕಾರ್ಡ್ ಬರುವುದು ಸ್ಪೀಡ್ ಪೋಸ್ಟ್‌ನಲ್ಲಿ. ಬುಕ್ ಮಾಡುವಾಗಲೇ ಪಿನ್ ಕಂಪ್ಯೂಟರಿಗೆ ಹೋಗುತ್ತದೆ, ಅದು ತೋರಿಸಿದ ಕಡೆಗೇ ಲಕೋಟೆ ಹೊರಡುತ್ತದೆ. ತಪ್ಪು ಎಸ್‌ಓಗೆ ಹೋದ ಮೇಲೆ ಅಲ್ಲಿ ಯಾರಾದರೂ ಗುರುತು ಹಿಡಿದು, ಮಿಸ್‌ಸೆಂಟ್ ಅಂತ ಮೊಹರು ಒತ್ತಿ, ಸರಿಯಾದ ಕಡೆ ದಾಟಿಸಬೇಕು. ವಿಳಾಸದಲ್ಲಿ ಬಿಓ ಹೆಸರೇ ಇಲ್ಲದಿದ್ದರೆ ಅವರಾದರೂ ಏನು ಮಾಡುತ್ತಾರೆ? ಕಳಿಸಿದವರಿಗೇ ವಾಪಸ್.

ವಿಳಾಸದಲ್ಲಿ ಬಿಓ ಹೆಸರು ಬರೆಯಿರಿ. ಪಿನ್ ಎಷ್ಟು ಮುಖ್ಯವೋ ಹಳ್ಳಿಗಳಿಗೆ ಇದೂ ಅಷ್ಟೇ ಮುಖ್ಯ. ಪಿನ್ ಎಸ್‌ಓ ತನಕ ಮುಟ್ಟಿಸುತ್ತದೆ. ಅಲ್ಲಿಂದ ಮುಂದೆ ಯಾವ ಬ್ಯಾಗಿಗೆ ಹಾಕಬೇಕು ಅಂತ ಹೇಳುವುದು ಬಿಓ ಹೆಸರು.

ಕೋಟೆ ಊರು

ಸರ್, ಚೆನ್ನಾಗಿ ಬಿಡಿಸಿ ಹೇಳಿದಿರಿ. ನನ್ನದೂ ಒಂದು ಪ್ರಶ್ನೆ. ನಾನು ಚಿತ್ರದುರ್ಗದವನು, ನಮ್ಮದು 577501. ಶಿವಮೊಗ್ಗದವರದ್ದೂ 577. ಜಿಲ್ಲೆ ಬೇರೆ, ಪಿನ್ ಮಾತ್ರ ಯಾಕೆ ಒಂದೇ ಥರ?

ಸಾರ್ಟಿಂಗ್ ಮೇಜು

ಮೊದಲ ಅಂಕೆ ವಲಯ. 1ರಿಂದ 8ರವರೆಗೆ ದೇಶವನ್ನು ಹಂಚಿದ್ದಾರೆ, 9 ಸೇನೆಗೆ. 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣ. ಮೊದಲ ಎರಡು ಅಂಕೆ ಸೇರಿಸಿ ನೋಡಿದರೆ 56ರಿಂದ 59ರವರೆಗೆ ನಮ್ಮದು. ಮೂರನೆಯ ಅಂಕೆಯೂ ಸೇರಿದರೆ ಅದು ಸಾರ್ಟಿಂಗ್ ಜಿಲ್ಲೆ. ಇಲ್ಲೇ ಜನ ತಪ್ಪು ತಿಳಿಯುವುದು. ಇದು ಕಂದಾಯ ಜಿಲ್ಲೆ ಅಲ್ಲ. ಟಪಾಲನ್ನು ಒಟ್ಟಿಗೆ ವಿಂಗಡಿಸುವ ಪ್ರದೇಶ, ಅಷ್ಟೇ.

577 ಬಹಳ ದೊಡ್ಡ ಗುಂಪು. 577001 ದಾವಣಗೆರೆ, 577101 ಚಿಕ್ಕಮಗಳೂರು, 577201 ಶಿವಮೊಗ್ಗ, 577301 ಭದ್ರಾವತಿ, 577401 ಸಾಗರ, 577501 ನಿಮ್ಮ ಚಿತ್ರದುರ್ಗ. ನಾಲ್ಕನೆಯ ಅಂಕೆ ಹೇಗೆ ಏರುತ್ತಾ ಹೋಗಿದೆ ನೋಡಿ. ಇದನ್ನು ಕೂಡಿಸಿದವರು ಎಷ್ಟು ಯೋಚನೆ ಮಾಡಿದ್ದಾರೆ ಅಂತ ನನಗೆ ಈಗಲೂ ಹೆಮ್ಮೆ. ಸಾರ್ಟಿಂಗ್ ಕೇಸ್ ಮುಂದೆ ನಿಂತಾಗ ಮೊದಲ ಮೂರು ಅಂಕೆ ಓದಿದರೆ ಕೈ ತಾನಾಗಿ ಸರಿಯಾದ ಗೂಡಿಗೆ ಹೋಗುತ್ತಿತ್ತು. ಊರಿನ ಹೆಸರು ಓದುವ ಅಗತ್ಯವೇ ಬೀಳುತ್ತಿರಲಿಲ್ಲ.

ತುಂಗಭದ್ರೆ ದಂಡೆ

ನಮ್ಮ ಕೊಪ್ಪಳದ್ದು ಇನ್ನೂ ವಿಚಿತ್ರ. 1997ರ ತನಕ ನಾವು ರಾಯಚೂರು ಜಿಲ್ಲೆ. ರಾಯಚೂರಿನದು 584. ಆದರೆ ಕೊಪ್ಪಳ 583231, ಅಂದರೆ ಬಳ್ಳಾರಿ ಗುಂಪು. ಹೊಸಪೇಟೆಯೂ 583201. ರೈಲು ದಾರಿ ನೋಡಿದರೆ ಇದೇ ಸರಿ ಅನ್ನಿಸುತ್ತದೆ. ಕೊಪ್ಪಳದವರಿಗೆ ಹೊಸಪೇಟೆ ಹತ್ತಿರ, ರಾಯಚೂರು ದೂರ.

2021ರಲ್ಲಿ ವಿಜಯನಗರ ಜಿಲ್ಲೆ ಆಯಿತಲ್ಲ, ಆಗ ನಮ್ಮ ಸೋದರಮಾವ ಪಿನ್ ಬದಲಾಗುತ್ತದೆ ಅಂತ ಅಂಗಡಿಯ ಬಿಲ್ ಪುಸ್ತಕ ಅಚ್ಚು ಹಾಕಿಸುವುದನ್ನೇ ನಿಲ್ಲಿಸಿದ್ದರು. ಏನೂ ಬದಲಾಗಲಿಲ್ಲ.

ಸಾರ್ಟಿಂಗ್ ಮೇಜು

ಹೌದು. ಜಿಲ್ಲೆ ಒಡೆದರೂ ಪಿನ್ ಹಾಗೇ ಇರುತ್ತದೆ. ಉಡುಪಿ ಜಿಲ್ಲೆ ಆಗಿ ಇಷ್ಟು ವರ್ಷ ಆಯಿತು. ಉಡುಪಿ 576101, ಕುಂದಾಪುರ 576201. ಆದರೆ ಅದೇ ಜಿಲ್ಲೆಯ ಕಾರ್ಕಳ ಇಂದಿಗೂ 574104. ಮೈಸೂರಿನ ಕಡೆ ಬಂದರೆ ಮಂಡ್ಯ 571401, ಚಾಮರಾಜನಗರ 571313, ಮಡಿಕೇರಿ 571201. ಮೂರು ಜಿಲ್ಲೆ, ಒಂದೇ 571.

ವಾಸ್ಕೋ ಕನ್ನಡಿಗ

ಗೋವಾದಿಂದ ಬರೆಯುತ್ತಿದ್ದೇನೆ. ನಮ್ಮದು 403802. ಕಾರವಾರ ಇಲ್ಲೇ ಪಕ್ಕದಲ್ಲಿದೆ, ಆದರೂ ಮೊದಲ ಅಂಕೆಯೇ ಬೇರೆ. ಅಂಚೆಯವರ ಲೆಕ್ಕದಲ್ಲಿ ಗೋವಾ ಮಹಾರಾಷ್ಟ್ರ ಸರ್ಕಲ್‌ಗೆ (ಅಂಚೆ ಆಡಳಿತದ ವಿಭಾಗ) ಸೇರಿದ್ದು, ಹಾಗಾಗಿ 4. ಲಕ್ಷದ್ವೀಪ ಹೀಗೆಯೇ ಕೇರಳ ಸರ್ಕಲ್‌ನಲ್ಲಿದೆ.

ಗಡಿನಾಡು

ಕಾಸರಗೋಡಿನವರದ್ದೂ ಇದೇ ಕತೆ. ಮನೆಯಲ್ಲಿ ಮಾತು ಕನ್ನಡ, ಆಸ್ಪತ್ರೆಗೆ ಹೋಗುವುದು ಮಂಗಳೂರಿಗೆ, ಪಿನ್ 671121. ಮಂಗಳೂರಿನಿಂದ ಬರುವ ಮದುವೆ ಕಾಗದದ ಮೇಲೆ 575 ಅಂತ ಶುರು ಮಾಡಿ ಬರೆದುಬಿಡುತ್ತಾರೆ. ನೆಂಟರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ.

ಹಳೇ ಪುಸ್ತಕದಂಗಡಿ

ಈ ಚರ್ಚೆ ಓದಿ ಸಂತೋಷ ಆಯಿತು. ನಾನು ಹಳೇ ಕನ್ನಡ ಪುಸ್ತಕಗಳನ್ನು ಸಂಗ್ರಹಿಸುತ್ತೇನೆ. 1960ರ ದಶಕದ ಪುಸ್ತಕ ತೆಗೆದು ಪ್ರಕಾಶಕರ ವಿಳಾಸ ನೋಡಿ. "ಬಸವನಗುಡಿ, ಬೆಂಗಳೂರು-4", "ಚಾಮರಾಜಪೇಟೆ, ಬೆಂಗಳೂರು-18", "ಮಲ್ಲೇಶ್ವರ, ಬೆಂಗಳೂರು-3" ಅಂತ ಇರುತ್ತದೆ. ದೊಡ್ಡ ಊರುಗಳಲ್ಲಿ ಬಟವಾಡೆಗೆ ಅಂತ ಮೊದಲೇ ನಂಬರ್ ಇದ್ದವು. ಪಿನ್ ಬಂದಾಗ ಅವನ್ನು ಕೈಬಿಡಲಿಲ್ಲ. ಮುಂದೆ 560 ಹಚ್ಚಿ ಕೊನೆಗೆ ಅದನ್ನೇ ಉಳಿಸಿಕೊಂಡರು. ಬಸವನಗುಡಿ 560004, ಚಾಮರಾಜಪೇಟೆ 560018, ಮಲ್ಲೇಶ್ವರ 560003.

ನನ್ನ ಹತ್ತಿರ ತಾರೀಖು ಇಲ್ಲದ ಪುಸ್ತಕ ಬಂದರೆ ಮೊದಲು ನೋಡುವುದು ಇದನ್ನೇ. ಆರಂಕಿ ಪಿನ್ ಅಚ್ಚಾಗಿದ್ದರೆ ಆ ಪ್ರತಿ 1972ಕ್ಕಿಂತ ಹಿಂದಿನದಲ್ಲ. ಬರೀ "ಬೆಂಗಳೂರು-4" ಅಂತ ಇದ್ದರೆ ಮಾತ್ರ ಖಚಿತವಾಗಿ ಹೇಳಲಾಗದು, ಯಾಕೆಂದರೆ ಪಿನ್ ಬಂದ ಮೇಲೂ ಎಷ್ಟೋ ಮುದ್ರಣಾಲಯಗಳು ಹಳೇ ರೂಢಿಯನ್ನೇ ನಡೆಸಿಕೊಂಡು ಬಂದವು. ಹಿರಿಯರು ಈಗಲೂ ಹಾಗೇ ಬರೆಯುತ್ತಾರೆ.

ಹೇಮಾವತಿ ತೀರ

ಪಿನ್ ಶುರುವಾದದ್ದು 1972ರ ಆಗಸ್ಟ್ 15ಕ್ಕೆ, ಸ್ವಾತಂತ್ರ್ಯಕ್ಕೆ 25 ವರ್ಷ ತುಂಬಿದ ದಿನ ಅಲ್ವಾ? ಇದನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್. ಕೇಂದ್ರ ಸಂಪರ್ಕ ಸಚಿವಾಲಯದಲ್ಲಿ ಅಧಿಕಾರಿ, ಜೊತೆಗೆ ಸಂಸ್ಕೃತ ಕವಿ. ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತೇ ಇಲ್ಲ ಅನ್ನುವುದು ನನಗೆ ಬೇಸರದ ವಿಷಯ. ದಿನಾ ಬಳಸುವ ವಸ್ತು ಮಾಡಿಕೊಟ್ಟವರು.

ಸಾರ್ಟಿಂಗ್ ಮೇಜು

ಸರಿಯಾಗಿ ಹೇಳಿದಿರಿ ಮೇಡಂ. ಆಗಿನ ಕಷ್ಟ ಏನು ಅಂತ ಈಗಿನವರಿಗೆ ಊಹೆ ಮಾಡುವುದು ಕಷ್ಟ. ಒಂದೇ ಹೆಸರಿನ ಊರುಗಳು ಎಷ್ಟೋ. ಹೊಸಹಳ್ಳಿ, ಹೊಸೂರು, ರಾಮಪುರ ಇಲ್ಲದ ತಾಲ್ಲೂಕೇ ಸಿಗಲಿಕ್ಕಿಲ್ಲ. ಮೇಲಾಗಿ ಒಬ್ಬರು ಕನ್ನಡದಲ್ಲಿ ಬರೆಯುತ್ತಾರೆ, ಇನ್ನೊಬ್ಬರು ಬಂಗಾಳಿಯಲ್ಲಿ, ಮತ್ತೊಬ್ಬರು ಗೀಚಿದ ಹಾಗೆ ಇಂಗ್ಲಿಷಿನಲ್ಲಿ. ಆರು ಅಂಕೆ ಇದ್ದರೆ ಕಲ್ಕತ್ತದ ಸಾರ್ಟರ್‌ಗೆ ಕನ್ನಡ ಓದಲು ಬರದಿದ್ದರೂ ಪತ್ರ 577ರ ದಾರಿ ಹಿಡಿಯುತ್ತದೆ.

ಕೊಡಗಿನ ತಂಗಿ

ನಮ್ಮಣ್ಣ ಸೇನೆಯಲ್ಲಿದ್ದಾನೆ. ಅವನ ವಿಳಾಸದಲ್ಲಿ ಊರೇ ಇಲ್ಲ. ಹೆಸರು, ಹುದ್ದೆ, ಯೂನಿಟ್, ಕೇರ್ ಆಫ್ 56 ಎಪಿಓ ಅಂದರೆ ಸೇನೆಯ ಅಂಚೆ ಕಚೇರಿ, ಆಮೇಲೆ 9ರಿಂದ ಶುರುವಾಗುವ ಪಿನ್. ಅವನು ಎಲ್ಲಿದ್ದಾನೆ ಅಂತ ಲಕೋಟೆ ನೋಡಿದವರಿಗೆ ಗೊತ್ತಾಗುವುದಿಲ್ಲ, ಆದರೆ ಅಮ್ಮ ಕಳಿಸಿದ ಕಾಫಿಪುಡಿ ಮಾತ್ರ ಮುಟ್ಟುತ್ತದೆ. ಯೂನಿಟ್ ಜಾಗ ಬದಲಿಸಿದಾಗಲೂ ನಾವು ವಿಳಾಸ ಬದಲಿಸಲಿಲ್ಲ. ಖಾಸಗಿ ಕೊರಿಯರ್‌ನಲ್ಲಿ ಇದು ಆಗುವುದಿಲ್ಲ, ಅಂಚೆಯಲ್ಲೇ ಹಾಕಬೇಕು. ಸೈನಿಕರ ಮನೆಯವರಿಗೆ ಆ 9 ಎಷ್ಟು ದೊಡ್ಡದು ಅಂತ ಹೇಳಲು ಬರೆದೆ.

ಮಣಿಕಂಠ ದಾಸ

ಶಬರಿಮಲೆ ಅಯ್ಯಪ್ಪನಿಗೂ ಸ್ವಂತ ಪಿನ್ ಇದೆ, 689713. ಮಂಡಲ ಮಕರವಿಳಕ್ಕು ಸಮಯದಲ್ಲಿ ಮಾತ್ರ ಆ ಕಚೇರಿ ನಡೆಯುತ್ತದೆ. ಭಕ್ತರು ಮದುವೆ ಕಾಗದ, ಹರಕೆ ಮನಿ ಆರ್ಡರ್ ಕಳಿಸುತ್ತಾರೆ.

ಬ್ಯಾಗ್ ಹೊತ್ತವ

ನಾನು ಡೆಲಿವರಿ ಕೆಲಸ ಮಾಡುತ್ತೇನೆ, ಮೊದಲು ಶಿವಮೊಗ್ಗ ಕಡೆ, ಈಗ ಬೆಂಗಳೂರು. ಘಟ್ಟದಂಚು ಅವರೇ, ಆಧಾರ್‌ನಲ್ಲಿ ತೀರ್ಥಹಳ್ಳಿ ಪಿನ್ ಬಂದದ್ದು ಹೇಗೆ ಅಂತ ಯಾರೂ ಕೇಳಲಿಲ್ಲ. ನಾನು ಕಂಡದ್ದು ಹೇಳುತ್ತೇನೆ.

ಆನ್‌ಲೈನ್ ಸಾಮಾನು ತರಿಸುವಾಗ ಹಳ್ಳಿಯ ಸರಿಯಾದ ಪಿನ್ ಹಾಕಿದರೆ "ಈ ಪಿನ್ ಕೋಡ್‌ಗೆ ಡೆಲಿವರಿ ಇಲ್ಲ" ಅಂತ ಬರುತ್ತದೆ. ತಾಲ್ಲೂಕು ಕೇಂದ್ರದ ಪಿನ್ ಹಾಕಿದರೆ ತಗೊಳ್ಳುತ್ತದೆ. ಜನ ಅದನ್ನೇ ಹಾಕಿ, ನಮಗೆ ಫೋನ್ ಮಾಡಿ, ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಇಡಿ ಅನ್ನುತ್ತಾರೆ. ಸಾಮಾನು ಬರುತ್ತದೆ, ಸರಿ. ಆದರೆ ಆ ವಿಳಾಸವೇ ರೂಢಿಯಾಗಿ ಆಧಾರ್‌ಗೂ ಬ್ಯಾಂಕಿಗೂ ಎಲ್‌ಐಸಿಗೂ ಹೋಗುತ್ತದೆ. ಅಂಚೆಯಲ್ಲಿ ಬರುವುದೆಲ್ಲ ಆಮೇಲೆ ದಾರಿ ತಪ್ಪುತ್ತದೆ. ಸಾಮಾನಿಗೆ ಬೇಕಿದ್ದರೆ ಬೇರೆ ವಿಳಾಸ ಸೇವ್ ಮಾಡಿಕೊಳ್ಳಿ. ಕಾಗದಪತ್ರಕ್ಕೆ ಮಾತ್ರ ನಿಜವಾದ ಪಿನ್ನನ್ನೇ ಕೊಡಿ.

ಬೆಂಗಳೂರಲ್ಲೂ ಗೊಂದಲ ಕಡಿಮೆ ಇಲ್ಲ. ಸರ್ಜಾಪುರ ರಸ್ತೆಯಲ್ಲಿ ಕಾರ್ಮೆಲರಾಂ ಕಡೆ 560035, ಸರ್ಜಾಪುರ ಊರಿಗೆ 562125. ಹೊಸ ಲೇಔಟ್‌ನವರಿಗೆ ಬಿಲ್ಡರ್ 560 ಅಂತಲೇ ಹೇಳಿರುತ್ತಾನೆ. ನಗರದ ಪಿನ್ ಅಂದರೆ ಸೈಟಿಗೆ ಬೆಲೆ ಜಾಸ್ತಿ ಅಂತ.

ಅಕ್ಕಮ್ಮನ ಮಗಳು

ಬ್ಯಾಗ್ ಹೊತ್ತವ ಅಣ್ಣ, ನಿಮ್ಮನ್ನು ಒಂದು ಕೇಳಬೇಕು. ನಮ್ಮಮ್ಮನಿಗೆ ಫೋನ್ ಬಂದಿತ್ತು, ಡೆಲಿವರಿಯವರು ಅಂತ. "ಪಿನ್ ಹೇಳಿ ಅಮ್ಮ" ಅಂದನಂತೆ. ಅಮ್ಮ "ಯಾವ ಪಿನ್ ಅಪ್ಪಾ, ಬ್ಯಾಂಕಿನದಾ?" ಅಂತ ಕೇಳಿದ್ದಾರೆ. ಅವನು "ಹೂಂ ಅದೇ" ಅಂದನಂತೆ. ನಾನು ಪಕ್ಕದಲ್ಲೇ ಇದ್ದೆ, ಫೋನ್ ತಗೊಂಡು ಕಟ್ ಮಾಡಿದೆ. ನೀವು ನಿಜವಾಗಿ ಏನೇನು ಕೇಳುತ್ತೀರಿ?

ಬ್ಯಾಗ್ ಹೊತ್ತವ

ಒಳ್ಳೆಯ ಕೆಲಸ ಮಾಡಿದಿರಿ ಅಕ್ಕ. ನಾವು ಕೇಳುವುದು ಹೆಚ್ಚೆಂದರೆ ಡೆಲಿವರಿ ಓಟಿಪಿ. ಅದೂ ನಿಮ್ಮ ಮನೆ ಬಾಗಿಲಲ್ಲಿ ನಿಂತು, ಪಾರ್ಸಲ್ ಕೈಯಲ್ಲಿ ಹಿಡಿದು. ಪಿನ್ ಕೋಡ್ ನಮ್ಮ ಪಾರ್ಸಲ್ ಮೇಲೇ ಅಚ್ಚಾಗಿರುತ್ತದೆ, ಕೇಳುವ ಅಗತ್ಯ ಇಲ್ಲ. ದಾರಿ ಗೊತ್ತಾಗದಿದ್ದರೆ ವಾಟ್ಸಾಪ್‌ನಲ್ಲಿ ಲೊಕೇಶನ್ ಪಿನ್ ಕಳಿಸಿ ಅನ್ನುತ್ತೇವೆ. ಅಷ್ಟೇ. ಎಟಿಎಂ ಪಿನ್, ಯುಪಿಐ ಪಿನ್ ಯಾವ ಡೆಲಿವರಿಯವನಿಗೂ ಬೇಡ.

ಹಿರಿಯರಿಗೆ ಹೀಗೆ ಹೇಳಿಕೊಡಿ: ಆರಂಕಿ ಅಂಚೆ ಪಿನ್ ಊರಿಗೆಲ್ಲ ಗೊತ್ತಿರುವುದು, ಹೇಳಿದರೆ ತೊಂದರೆ ಇಲ್ಲ. ದುಡ್ಡಿನ ಪಿನ್ ಮಗನಿಗೂ ಹೇಳಬೇಡಿ.

ಲೆಕ್ಕದ ಮೇಷ್ಟ್ರು

ಇದಕ್ಕೆ ಒಂದು ಸೇರಿಸುತ್ತೇನೆ. ಯುಪಿಐ ಪಿನ್ ಒತ್ತಬೇಕಾದದ್ದು ದುಡ್ಡು ಕಳಿಸುವಾಗ ಮತ್ತು ಬ್ಯಾಲೆನ್ಸ್ ನೋಡುವಾಗ. ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ. "ರೀಫಂಡ್ ಬರುತ್ತೆ, ಪಿನ್ ಹಾಕಿ" ಅಂದರೆ ಅದು ಮೋಸ, ಅನುಮಾನವೇ ಬೇಡ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ದುಡ್ಡು ಕೈಗೆ ಸಿಗುವುದು ಕಷ್ಟ.

ಇಷ್ಟು ಹೇಳಿದ ಮೇಲೆ ಇನ್ನೊಂದು. ಅಂಚೆ ಪಿನ್ನನ್ನೇ ಅಥವಾ ಅದರ ಕೊನೆಯ ನಾಲ್ಕು ಅಂಕೆಯನ್ನು ಎಟಿಎಂ ಪಿನ್ ಮಾಡಿಕೊಂಡವರನ್ನು ನೋಡಿದ್ದೇನೆ. ನೆನಪಿಗೆ ಸುಲಭ ಅಂತ. ದಯವಿಟ್ಟು ಬೇಡ, ಅದು ನಿಮ್ಮ ಪ್ರತಿ ಲಕೋಟೆಯ ಮೇಲೂ ಇರುತ್ತದೆ.

ನಕ್ಷೆ ಹುಡುಗ

ಮೂಲ ಪ್ರಶ್ನೆಗೆ ಹಿಂದಿರುಗಿದರೆ, ಅಂಚೆ ಇಲಾಖೆಯೇ 2025ರ ಮೇ ತಿಂಗಳಲ್ಲಿ ಡಿಜಿಪಿನ್ ತಂದಿದೆ. ಐಐಟಿ ಹೈದರಾಬಾದ್ ಮತ್ತು ಇಸ್ರೋದ ದೂರಸಂವೇದಿ ಕೇಂದ್ರ ಎನ್‌ಆರ್‌ಎಸ್‌ಸಿ ಜೊತೆ ಸೇರಿ ಮಾಡಿದ್ದು. ಇದು ಕಚೇರಿಯ ನಂಬರ್ ಅಲ್ಲ, ಜಾಗದ್ದೇ ನಂಬರ್.

ಕೆಲಸ ಮಾಡುವ ರೀತಿ ಚೆನ್ನಾಗಿದೆ. ಇಡೀ ದೇಶವನ್ನು ಒಂದು ದೊಡ್ಡ ಚೌಕದೊಳಗೆ ಕೂರಿಸಿದ್ದಾರೆ, ಅಡ್ಡ 36 ಡಿಗ್ರಿ, ಉದ್ದ 36 ಡಿಗ್ರಿ. ಅದನ್ನು ನಾಲ್ಕು ಸಾಲು ನಾಲ್ಕು ಕಂಬವಾಗಿ 16 ಮನೆ ಮಾಡಿ, ಪ್ರತಿ ಮನೆಗೆ ಒಂದು ಅಂಕೆ ಅಥವಾ ಅಕ್ಷರ ಕೊಟ್ಟಿದ್ದಾರೆ. ಒಂದೊಂದು ಮನೆ ಸುಮಾರು 1,000 ಕಿಲೋಮೀಟರ್. ಆ ಮನೆಯನ್ನು ಮತ್ತೆ 16 ಮಾಡುತ್ತಾರೆ, ಅದರೊಳಗೆ ಮತ್ತೆ 16. ಹೀಗೆ ಹತ್ತು ಸಲ. ಕೊನೆಗೆ ಉಳಿಯುವುದು ಸುಮಾರು 4 ಮೀಟರ್ ಉದ್ದ, 4 ಮೀಟರ್ ಅಗಲದ ಜಾಗ. ಹತ್ತು ಅಕ್ಷರ ಅಂದರೆ ನಿಮ್ಮ ಮನೆ ಅಂಗಳ ಸಿಕ್ಕಿತು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಕಲಬುರಗಿ ಎಲ್ಲವೂ ಬೀಳುವುದು ಒಂದೇ ದೊಡ್ಡ ಮನೆಯಲ್ಲಿ, ಎಲ್ಲದರ ಡಿಜಿಪಿನ್ 4ರಿಂದಲೇ ಶುರು.

ಮಲೆನಾಡಿಗೆ ಇದು ಬಹಳ ಬೇಕಾದದ್ದು ಅಂತ ನನ್ನ ಅನಿಸಿಕೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಗುಡ್ಡ ಹತ್ತಿ ಇಳಿಯಬೇಕು. ಆಂಬುಲೆನ್ಸ್‌ನವರಿಗೆ "ಹಾಲಿನ ಡೈರಿ ದಾಟಿ ಎಡಕ್ಕೆ" ಅಂತ ಎಷ್ಟು ಅಂತ ಹೇಳುವುದು?

ಸಾರ್ಟಿಂಗ್ ಮೇಜು

ಒಳ್ಳೆಯದೇ. ಆದರೆ ಡಿಜಿಪಿನ್ ಬಂತು ಅಂತ ಹಳೇ ಪಿನ್ ಬಿಡುವ ಹಾಗಿಲ್ಲ. ಬ್ಯಾಗ್ ಇವತ್ತಿಗೂ ಓಡಾಡುವುದು ಆರಂಕಿ ಪಿನ್ ಮೇಲೆಯೇ. ಅಪಾರ್ಟ್‌ಮೆಂಟ್‌ನಲ್ಲಿ ಮೇಲಿನ ಮಹಡಿಗೂ ಕೆಳಗಿನ ಮಹಡಿಗೂ ಡಿಜಿಪಿನ್ ಒಂದೇ ಬರುತ್ತದೆ, ಮನೆ ನಂಬರ್ ಬರೆಯಲೇಬೇಕು.

ಹಳ್ಳಿಯ ಬಿಪಿಎಂಗೆ, ಅಂದರೆ ಬಿಓ ನಡೆಸುವ ಪೋಸ್ಟ್‌ಮಾಸ್ಟರಿಗೆ, ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ ಅನ್ನುವುದು ನನ್ನ ನಂಬಿಕೆ. ಯಾರ ಮನೆಯವರು ಮಗಳ ಬಾಣಂತನಕ್ಕೆ ಹೋಗಿದ್ದಾರೆ, ಪೆನ್ಷನ್ ಯಾರ ಕೈಗೆ ಕೊಡಬೇಕು, ಎಲ್ಲ ಅವರಿಗೆ ಗೊತ್ತು.

ನಕ್ಷೆ ಹುಡುಗ

ಅದನ್ನು ಒಪ್ಪುತ್ತೇನೆ ಸರ್. ಆದರೆ ಬಿಪಿಎಂ ಬದಲಾದಾಗ ಆ ತಿಳಿವಳಿಕೆಯೂ ಅವರ ಜೊತೆಗೇ ಹೋಗುತ್ತದೆ. ಹೊಸದಾಗಿ ಬಂದವರು ಬೇರೆ ಊರಿನವರಾದರೆ? ಅದಕ್ಕೇ ಎರಡೂ ಇರಲಿ ಅನ್ನುವುದು.

ಘಟ್ಟದಂಚು

ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಫೋನ್ ಮಾಡಿ ನಮ್ಮೂರ ಬಿಓಗೆ ಹೋಗಿ ಕೇಳಲು ಹೇಳಿದ್ದೆ. ಬಿಪಿಎಂ ಬ್ಯಾಗಿಗೆ ಕಟ್ಟಿದ ಚೀಟಿಯನ್ನೇ ತೋರಿಸಿದರಂತೆ, ಆಗುಂಬೆ ಎಸ್‌ಓ ಅಂತ. ಅಂದರೆ 577411.

ಈಗ ವಿಳಾಸ ಹೀಗೆ ಬರೆಯೋಣ ಅಂತ ಇದ್ದೇನೆ: ಹೆಸರು, ಮನೆ ಹೆಸರು, ಊರು, ಬಿಓ ಹೆಸರು, ಆಗುಂಬೆ ಎಸ್‌ಓ, ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ, 577411. ಸರಿಯಾ ಸರ್? ಮೊದಲು ಆಧಾರ್ ತಿದ್ದಿಸಬೇಕಾ, ಬ್ಯಾಂಕಾ?

ಸಾರ್ಟಿಂಗ್ ಮೇಜು

ವಿಳಾಸ ಸರಿಯಾಗಿದೆ. ಆಧಾರ್ ಮೊದಲು ಮಾಡಿಸಿ. ಬ್ಯಾಂಕಿನವರು ಅದನ್ನೇ ದಾಖಲೆ ಅಂತ ಕೇಳುತ್ತಾರೆ. ಆಧಾರ್‌ನಲ್ಲಿ ಪಿನ್ ಹಾಕಿದ ತಕ್ಷಣ ಅದರ ಕೆಳಗಿನ ಊರು ಮತ್ತು ಅಂಚೆ ಕಚೇರಿಗಳ ಪಟ್ಟಿ ತೆರೆದುಕೊಳ್ಳುತ್ತದೆ. 577411 ಹಾಕಿ ನಿಮ್ಮ ಬಿಓ ಹೆಸರು ಅದರಲ್ಲಿ ಬಂತಾ ನೋಡಿ. ಬಂದರೆ ಅದನ್ನೇ ಆರಿಸಿ. ಬರದಿದ್ದರೆ ಪಟ್ಟಿಯಲ್ಲಿ ಸಿಕ್ಕ ಯಾವುದೋ ಒಂದನ್ನು ಒತ್ತಬೇಡಿ, ಕೇಂದ್ರಕ್ಕೆ ಹೋಗಿ ಕೇಳಿ.

ಕಾರ್ಡ್ ಮತ್ತೆ ಕಳಿಸಲು ಹೇಳುವಾಗ ಅಪ್ಪನ ಫೋನ್ ನಂಬರ್ ಲಕೋಟೆಯ ಮೇಲೆ ಬರುವ ಹಾಗೆ ಮಾಡಿಸಿ. ಮಳೆಗಾಲದಲ್ಲಿ ನಿಮ್ಮ ಕಡೆ ಬ್ಯಾಗ್ ತಡವಾಗುವುದುಂಟು. ನಂಬರ್ ಇದ್ದರೆ ಬಿಪಿಎಂ ಒಂದು ಕರೆಯಾದರೂ ಮಾಡುತ್ತಾರೆ.

ಕೋಟೆ ಊರು

ಸರ್, ನಮ್ಮ ತಾತನ ಊರು ಹೊಳಲ್ಕೆರೆ ಕಡೆ. ಅಲ್ಲಿನ ಬಿಓ ಯಾವ ಎಸ್‌ಓಗೆ ಬರುತ್ತದೆ ಅಂತ ಮನೆಯಿಂದಲೇ ನೋಡಲು ಆಗುತ್ತಾ?

ಸಾರ್ಟಿಂಗ್ ಮೇಜು

ಆಗುತ್ತದೆ. ಅಂಚೆ ಇಲಾಖೆಯ ಜಾಲತಾಣದಲ್ಲಿ ಪಿನ್ ಹುಡುಕುವ ಪುಟ ಇದೆ. ಊರಿನ ಹೆಸರನ್ನಲ್ಲ, ಬಿಓ ಹೆಸರನ್ನು ಹಾಕಿ ಹುಡುಕಿ. ಒಂದೇ ಹೆಸರಿನವು ಬೇರೆ ಜಿಲ್ಲೆಗಳಲ್ಲೂ ಇರುತ್ತವೆ, ಜಿಲ್ಲೆ ನೋಡಿ ಆರಿಸಿಕೊಳ್ಳಿ.